ಹಲ್ಲು ಕಚ್ಚಿಕೊಂಡು ಬದುಕಿದವರಿಗೆ

ನನ್ನ ಮಾತು ಕೇಳ್ತಾ ಇದೀರಲ್ಲ, ಹೇಗಿದ್ದೀರೋ ಹಾಗೇ ಇದ್ದು ಒಂದೇ ಒಂದು ನೋಡ್ಕೊಳ್ಳಿ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿದೆಯಾ?

ತಾಗಿದ್ರೆ ಗಾಬರಿ ಬೇಡ. ನನ್ನದು ಹಗಲೂ ರಾತ್ರಿ ತಾಗಿರ್ತಿತ್ತು, ನನಗೇ ಗೊತ್ತಿರಲಿಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಹಲ್ಲಿನ ಡಾಕ್ಟರ್ ಹತ್ರ ಹೋದಾಗ ಅವರು ಕನ್ನಡಿ ಹಿಡಿದು ತೋರಿಸಿದರು. ದವಡೆ ಹಲ್ಲುಗಳ ಏರುತಗ್ಗೆಲ್ಲ ಸವೆದು ಒರಳುಕಲ್ಲಿನ ತಳದ ಹಾಗೆ ನುಣ್ಣಗಾಗಿಬಿಟ್ಟಿವೆ. 'ರಾತ್ರಿ ಹಲ್ಲು ಕಡೀತೀರಾ?' ಅಂದರು. ನಾನು ಇಲ್ಲ ಅನ್ನೋಷ್ಟರಲ್ಲಿ ನನ್ನ ಹೆಂಡತಿ, 'ಹತ್ತು ವರ್ಷದಿಂದ ಕಡೀತಿದಾರೆ ಡಾಕ್ಟ್ರೇ, ನಮ್ಮನೇಲಿ ಇಲಿ ಸಾಕೋ ಅಗತ್ಯ ಇಲ್ಲ' ಅಂದಳು.

ನಾವು ಪಾಂಡವಪುರದ ಕಡೆಯೋರು. ನಾಲೆ ನೀರು, ಕಬ್ಬು. ಅಪ್ಪ ಕಬ್ಬು ಕಡಿಸಿ ಕಾರ್ಖಾನೆಗೆ ಕಳಿಸಿ, ದುಡ್ಡಿಗೆ ತಿಂಗಳುಗಟ್ಟಲೆ ಕಾಯ್ತಿದ್ದರು. ಆ ಕಡೆ ಸೊಸೈಟಿ ಸಾಲ, ಈ ಕಡೆ ನನ್ನ ಹಾಸ್ಟೆಲ್ ಫೀಸು. ನಾನು ಕೇಳಿದಾಗಲೆಲ್ಲ ಅವರದು ಒಂದೇ ಮಾತು: 'ಹಲ್ಲು ಕಚ್ಕಂಡು ಇರ್ಲಾ ಮಗ, ಬತ್ತದೆ.' ನಮ್ಮ ಭಾಷೆಯಲ್ಲಿ ತಾಳ್ಮೆಯ ಮಾತೆಲ್ಲ ಮೈಯ ಮಾತೇ ನೋಡಿ. ಹಲ್ಲು ಕಚ್ಚಿಕೊಂಡು, ಉಸಿರು ಬಿಗಿಹಿಡಿದು, ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು. ನಾವು ಅದನ್ನ ಗಾದೆ ಅಂದ್ಕೊಂಡು ಆಡ್ತೀವಿ, ಮೈ ಮಾತ್ರ ಆಜ್ಞೆ ಅಂದ್ಕೊಂಡು ಪಾಲಿಸುತ್ತೆ. ಫೀಸು ಕಟ್ಟಿ ಎಷ್ಟೋ ವರ್ಷ ಆಯ್ತು. ನನ್ನ ದವಡೆಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ರಾತ್ರಿ ಕುವೆಂಪುನಗರದ ತಿರುವಿನಲ್ಲಿ ಬೀದಿನಾಯಿ ಸ್ಕೂಟರ್ ಹಿಂದೆ ಬಿದ್ದಿದೆ ಅಂದ್ಕೊಳ್ಳಿ. ಎದೆ ಡವಡವ, ಬಾಯಿ ಒಣಗುತ್ತೆ, ಭುಜ ಮೇಲೆ ಏರುತ್ತೆ, ಕಾಲು ತಾನಾಗೇ ಮೇಲೆ ಬರುತ್ತೆ. ಕಾದಾಡು ಇಲ್ಲವೇ ಓಡು ಅನ್ನೋ ಈ ತಯಾರಿಯನ್ನ ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರ ಹೊತ್ತಿಗೇ ವಿವರಿಸಿದ್ದರು. ತಯಾರಿಯಲ್ಲಿ ತಪ್ಪೇನಿಲ್ಲ, ಜೀವ ಉಳಿಸೋದೇ ಅದು. ನಾಯಿ ವಾಪಸ್ ಹೋದ ಮೇಲೆ ಮೈ ಇಳೀಬೇಕು, ಅಷ್ಟೆ. ನಮ್ಮ ಹಿಂದೆ ಬಿದ್ದಿರೋದು ಇಎಂಐ. ಅದು ಯಾವ ತಿರುವಿನಲ್ಲೂ ವಾಪಸ್ ಹೋಗಲ್ಲ.

ಮೈಸೂರಿನಲ್ಲಿದ್ದುಕೊಂಡು ಮೈ ಸಡಿಲ ಬಿಡೋಕೆ ಬರಲ್ಲ ಅಂದ್ರೆ ಯಾರಾದ್ರೂ ನಗ್ತಾರೆ. ಗೋಕುಲಂ ಕಡೆ ಬೆಳಗ್ಗೆ ಐದಕ್ಕೆ ಹೋಗಿ, ಹೆಗಲಿಗೆ ಮ್ಯಾಟ್ ಏರಿಸಿಕೊಂಡು ಸ್ಕೂಟರ್‌ನಲ್ಲಿ ಯೋಗದ ಕ್ಲಾಸಿಗೆ ಹೋಗೋ ವಿದೇಶಿಯರೇ ಎದುರಾಗ್ತಾರೆ. ನಾನೂ ಒಂದು ಕ್ಲಾಸಿಗೆ ಸೇರಿದೆ, ಹೆಸರು ಬೇಡ. ಒಂದು ಗಂಟೆ ಬೆವರು, ಒಂದು ನಿಮಿಷ ಶವಾಸನ. ಆ ಒಂದು ನಿಮಿಷದಲ್ಲೂ ಮುಂದಿನ ಬ್ಯಾಚಿನವರು ಬಾಗಿಲಲ್ಲಿ ಚಪ್ಪಲಿ ಬಿಡೋ ಸದ್ದು. ಮೂರನೇ ವಾರ ಕುತ್ತಿಗೆ ಹಿಡ್ಕೊಂಡಿತು. ತಪ್ಪು ಕ್ಲಾಸಿಗಿಂತ ನನ್ನದೇ ಹೆಚ್ಚು, ಯಾಕಂದ್ರೆ ಸೂರ್ಯನಮಸ್ಕಾರವನ್ನೂ ನಾನು ಹಲ್ಲು ಕಚ್ಚಿಕೊಂಡೇ ಮಾಡ್ತಿದ್ದೆ.

ನಮ್ಮೂರಿನ ಯೋಗಕ್ಕೆ ಈ ಬಿರುಸು ಬಂದದ್ದಕ್ಕೂ ಒಂದು ಕಥೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸೋಕೆ ಶುರು ಮಾಡಿದಾಗ ಅವರ ಮುಂದೆ ನಿಂತಿದ್ದವರು ಬಹುಪಾಲು ಹುಡುಗರು. ಹುಡುಗರಿಗೆ ನೆಗೆತ, ಬಾಗು, ಬಲ ಎಲ್ಲ ಬೇಕು. ಆಮೇಲೆ ಮದ್ರಾಸಿಗೆ ಹೋದ ಅದೇ ಗುರುಗಳು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ವಯಸ್ಸು ನೋಡಿ, ಕಾಯಿಲೆ ನೋಡಿ, ಉಸಿರಿಗೆ ತಕ್ಕ ಹಾಗೆ ನಿಧಾನವಾಗಿ ಕಲಿಸಿದರು. 1989ರಲ್ಲಿ ತೀರಿಕೊಂಡಾಗ ಅವರಿಗೆ ನೂರು ತುಂಬಿತ್ತು. ನಲವತ್ತೈದರ ನಾನು, ಸೊಂಟದ ಸುತ್ತ ಇಷ್ಟು ಬೊಜ್ಜು ಹೊತ್ತುಕೊಂಡು, ಹುಡುಗರ ಪಾಠ ಓದೋಕೆ ಹೋಗಿದ್ದೆ.

ನಿಧಾನ ಯಾಕೆ ಬೇಕು? ಆಲೆಮನೆ ನೆನೆಸ್ಕೊಳ್ಳಿ. ತಲೆ ಮೇಲೆ ಐವತ್ತು ಕೆಜಿ ಬೆಲ್ಲದ ಮೂಟೆ ಇದ್ದಾಗ ಯಾರಾದ್ರೂ ಮೇಲೊಂದು ಅಚ್ಚು ಇಟ್ಟರೆ ನಿಮಗೆ ಗೊತ್ತೇ ಆಗಲ್ಲ. ಅದೇ ಅಚ್ಚನ್ನ ಖಾಲಿ ಅಂಗೈ ಮೇಲೆ ಇಡಲಿ, ತಕ್ಷಣ ಗೊತ್ತಾಗುತ್ತೆ. ಹೊರೆ ದೊಡ್ಡದಾದಷ್ಟೂ ಸಣ್ಣ ವ್ಯತ್ಯಾಸ ತಿಳಿಯಲ್ಲ. ಇದು ಹತ್ತೊಂಬತ್ತನೇ ಶತಮಾನದಲ್ಲೇ ಜರ್ಮನಿಯ ವಿಜ್ಞಾನಿ ವೆಬರ್ ಕಂಡುಕೊಂಡ ನಿಯಮ. ಮೊಶೆ ಫೆಲ್ಡೆನ್‌ಕ್ರೈಸ್ ಅಂತ ಒಬ್ಬರಿದ್ದರು. ಭೌತವಿಜ್ಞಾನ ಓದಿದವರು, ಜೂಡೋ ಕಲಿತವರು, ಫುಟ್ಬಾಲ್ ಆಡಿ ಮೊಣಕಾಲು ಕೆಡಿಸಿಕೊಂಡವರು. ಇದೇ ನಿಯಮ ಹಿಡಿದು ಮೈಗೆ ಪಾಠ ಹೇಳೋ ಒಂದು ಪದ್ಧತಿಯನ್ನೇ ಕಟ್ಟಿದರು. ಬಲ ಹಾಕಿ ಮಾಡಿದರೆ ಎಲ್ಲಿ ಬಿಗಿ ಇದೆ ಅಂತ ತಿಳಿಯಲ್ಲ. ಬೆರಳಷ್ಟು ಅಲ್ಲಾಡಿಸಿದರೆ ತಿಳಿಯುತ್ತೆ.

ನಾನು ಮಾಡೋದು ಇಷ್ಟೇ. ರಾತ್ರಿ ಊಟ ಇಳಿದ ಮೇಲೆ ಹಾಲ್‌ನಲ್ಲಿ ಚಾಪೆ ಹಾಸಿ ಅಂಗಾತ ಮಲಗ್ತೀನಿ. ನಮ್ಮದು ಹಳೇ ಮನೆ, ಕೆಂಪು ಗಾರೆ ನೆಲ, ಚಾಪೆ ದಾಟಿ ತಣ್ಣಗೆ ತಾಗುತ್ತೆ. ಮೊದಲನೇ ದಿನ ಗೊತ್ತಾಗಿದ್ದು ಏನು ಗೊತ್ತಾ? ನನ್ನ ಬಲ ಹಿಮ್ಮಡಿ ನೆಲಕ್ಕೆ ಚೆನ್ನಾಗಿ ಊರಿದೆ, ಎಡದ್ದು ಸುಮ್ಮನೆ ಮುಟ್ಟಿದೆ, ಅಷ್ಟೆ. ಎಡ ಭುಜ ನೆಲಕ್ಕೆ ಬಂದೇ ಇಲ್ಲ, ಕರೆಂಟ್ ಕಂಬಕ್ಕೆ ಸಿಕ್ಕ ಗಾಳಿಪಟದ ಹಾಗೆ ಮೇಲೇ ನಿಂತಿದೆ. ಅದನ್ನ ಕೆಳಗೆ ಒತ್ತಲಿಲ್ಲ. ಬಂದ ಸಿಟ್ಟು ತಡ್ಕೊಂಡು ನೋಡ್ತಾ ಮಲಗಿದ್ದೆ. ಎಷ್ಟೋ ಹೊತ್ತಾದ ಮೇಲೆ ಒಂದು ನಿಟ್ಟುಸಿರು ತಾನಾಗೇ ಬಂತು. ಭುಜ ಒಂದು ನೂಲು ಇಳಿಯಿತು. ಆಗಲೇ ತಿಳಿದದ್ದು, ಹಲ್ಲು ಕಚ್ಚಿಕೊಂಡಿದೀನಿ ಅಂತ. ಮೂರ್ಛೆಯಿಂದ ಎದ್ದವರಿಗೆ ಮೈತಿಳೀತು ಅಂತೀವಲ್ಲ, ಆ ಮಾತಿನ ರುಚಿ ಅವತ್ತು ಹತ್ತಿತು.

ನೀವು ಇನ್ನೊಂದು ಮಾಡಿ ನೋಡಿ. ಮಣಿಕಟ್ಟಿನ ನಾಡಿ ಹಿಡ್ಕೊಳ್ಳಿ. ಉಸಿರು ಎಳೆದಾಗ ನಾಡಿ ಚೂರು ಚುರುಕಾಗುತ್ತೆ, ಬಿಡುವಾಗ ನಿಧಾನ ಆಗುತ್ತೆ. ಬಿಡೋದನ್ನ ಉದ್ದ ಮಾಡಿದರೆ ಆ ನಿಧಾನವೂ ಉದ್ದ ಆಗುತ್ತೆ. ಇದನ್ನ ಮಾಡಿಸೋದು ವೇಗಸ್ ನರ. ಹೆಸರಲ್ಲಿ ವೇಗ, ಕೆಲಸ ನಿಧಾನ, ತಮಾಷೆ ನೋಡಿ! ಲ್ಯಾಟಿನ್‌ನಲ್ಲಿ ಅಲೆಮಾರಿ ಅಂತ ಅರ್ಥವಂತೆ, ಮಿದುಳಿನ ಬುಡದಿಂದ ಹೊರಟು ಎದೆ ಹೊಟ್ಟೆಯೆಲ್ಲ ಸುತ್ತುತ್ತೆ. ಅದರ ಎಳೆಗಳಲ್ಲಿ ನೂರಕ್ಕೆ ಸುಮಾರು 80 ಮೈಯ ಸುದ್ದಿಯನ್ನ ಮಿದುಳಿಗೆ ಒಯ್ಯೋವು. ಹಾಗಾಗಿ 'ಶಾಂತವಾಗಿರು' ಅಂತ ತಲೆಯಿಂದ ಕೆಳಗೆ ಹೇಳೋದಕ್ಕಿಂತ, ಕೆಳಗಿಂದ ಮೇಲಕ್ಕೆ ಹೇಳಿ ಕಳಿಸೋದು ಸಲೀಸು ಅಂತ ನನ್ನ ಲೆಕ್ಕ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ 23 ಜನರಿಂದ ಲ್ಯಾಟಿನ್ ಜಪಸರ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಫಿಲೋಮಿನಾ ಚರ್ಚಿನಲ್ಲಿ ಜಪಸರ ಎಣಿಸೋ ಅಜ್ಜಿಗೂ ಅಗ್ರಹಾರದಲ್ಲಿ ಮಂತ್ರ ಹೇಳೋ ಅಜ್ಜನಿಗೂ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಜಗಳದ ಮಾತು. ಸೊಂಟದಲ್ಲಿ ಹಳೇ ನೋವೆಲ್ಲ ಶೇಖರಣೆ ಆಗಿದೆ, ಎರಡು ದಿನದ ಶಿಬಿರದಲ್ಲಿ ತೆಗೆದು ಹಾಕ್ತೀವಿ ಅನ್ನೋ ರೀಲ್ಸ್ ನೋಡಿದರೆ ನನಗೆ ಮೈ ಉರಿಯುತ್ತೆ. ಸೊಂಟ ಏನು ಗೋಡೌನಾ? ಬಿಪಿ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ನಿಲ್ಲಿಸಿ ಚಾಪೆ ಮೇಲೆ ಮಲಗಿದರೆ ವಾಸಿ ಆಗಲ್ಲ. ನನ್ನ ಸವೆದ ಹಲ್ಲು ವಾಪಸ್ ಬೆಳೆದಿಲ್ಲ, ರಾತ್ರಿ ಹಾಕ್ಕೊಳ್ಳೋಕೆ ಡಾಕ್ಟರ್ ಕೊಟ್ಟ ಹಲ್ಲಿನ ಗಾರ್ಡ್ ಅನ್ನ ಇವತ್ತಿಗೂ ಹಾಕ್ಕೋತೀನಿ. ಇನ್ನು ಕೆಲವರಿಗೆ ಕಣ್ಣು ಮುಚ್ಚಿ ಒಳಗೆ ನೋಡಿದರೆ ಎದೆಬಡಿತ ಇನ್ನೂ ಏರುತ್ತೆ, ಹಳೇ ಭಯ ಮೇಲೆದ್ದು ಬರುತ್ತೆ. ಅಂಥವರು ಹಟ ಹಿಡಿದು ಕೂರಬೇಡಿ. ಕಣ್ಣು ಬಿಡಿ, ಕಿಟಕಿ ಆಚೆ ನೋಡಿ, ನಡೆದಾಡಿ. ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.

ಹಳ್ಳಿಯವರು ನೆಮ್ಮದಿಯಾಗಿದ್ದರು, ಪೇಟೆಗೆ ಬಂದು ನಾವು ಕೆಟ್ಟೆವು ಅನ್ನೋ ರಾಗವನ್ನೂ ನಾನು ಹಾಡಲ್ಲ. ಅಪ್ಪನ ಬೆನ್ನು ನೋಡಿದ್ದರೆ ನೀವೂ ಹಾಡಲ್ಲ.

ಹೋದ ಭಾನುವಾರ ಅವರಿಗೆ ಫೋನ್ ಮಾಡಿ ಇದೇ ಪ್ರಶ್ನೆ ಕೇಳಿದೆ. 'ಅಪ್ಪ, ಈಗ ನಿಮ್ಮ ಹಲ್ಲು ಒಂದಕ್ಕೊಂದು ತಾಗ್ತಾ ಅದಾವಾ, ನೋಡ್ಕಳಿ.'

'ಹಲ್ಲೆಲ್ಲಿ ಅವ್ಲಾ ನಂಗೆ? ಸೆಟ್ ತಗ್ದು ನೀರಲ್ಲಿ ಮಡಗಿವ್ನಿ.'

ಇಬ್ಬರೂ ನಕ್ಕೆವು. ಆಮೇಲೆ ಅವರು ಸುಮ್ಮನಾದರು. ಫೋನ್ ಕಟ್ಟಾಯ್ತಾ ಅಂದ್ಕೊಂಡೆ, ಉಸಿರಾಟ ಕೇಳ್ತಿತ್ತು.

'ಭುಜ ಬಿಗಿ ಹಿಡ್ಕಂಡಿವ್ನಿ ಕಣ್ಲಾ,' ಅಂದರು. 'ಯಾಕಂತ ಗೊತ್ತಿಲ್ಲ.'