ಇಂಟರ್ನೆಟ್ ಹೋದರೂ ಬಾವಿಕಟ್ಟೆಯ ದೀಪ ಆರಿಸುವುದು ಹೇಗೆ?

[ದೃಶ್ಯ: ರಾತ್ರಿ, ಜೋರು ಮಳೆ. ಬಾವಿಯ ಮಾಡಿನ ಕೆಳಗೆ ಉರಿಯುವ ಬಲ್ಬ್.]

ನಮಸ್ಕಾರ. ಉಡುಪಿ ಹತ್ತಿರದ ನಮ್ಮ ಮನೆಯಲ್ಲಿ ಕಳೆದ ಆಟಿ ತಿಂಗಳ ಒಂದು ರಾತ್ರಿ ತೆಂಗಿನ ಮಡಲು ಬಿದ್ದು ಫೈಬರ್ ಕೇಬಲ್ ತುಂಡಾಯಿತು. ಕರೆಂಟ್ ಇತ್ತು, ವೈಫೈ ಇತ್ತು, ಇಂಟರ್ನೆಟ್ ಮಾತ್ರ ಇಲ್ಲ. ಬಾವಿಕಟ್ಟೆಯ ದೀಪ ಆರಿಸಲು ಮೊಬೈಲ್ ಒತ್ತಿದರೆ 'ಡಿವೈಸ್ ಆಫ್‌ಲೈನ್' ಅಂತ ಬಂತು. ಅಮ್ಮ ಕೇಳಿದರು: "ದೀಪ ಇಲ್ಲೇ ಉಂಟು, ಮೊಬೈಲೂ ಇಲ್ಲೇ ಉಂಟು. ಮತ್ತೆ ಎಂತಕ್ಕೆ ಆಗುದಿಲ್ಲ?"

ಆ ಹೊತ್ತಿಗೆ ಕೊಡೆ ಹಿಡಿದುಕೊಂಡು ಹೋಗಿ ದೀಪ ಸಿಕ್ಕಿಸಿದ್ದ ಸ್ಮಾರ್ಟ್ ಪ್ಲಗ್ ಕಿತ್ತು ಬಂದೆ. ಅಮ್ಮನ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು.

[ಆ್ಯನಿಮೇಶನ್: ಮೊಬೈಲಿನಿಂದ ಬಾಣ ರೌಟರ್ ದಾಟಿ ದೂರದ ಸರ್ವರಿಗೆ ಹೋಗಿ, ಮತ್ತೆ ಅದೇ ರೌಟರಿಗೆ ಬಂದು ದೀಪ ಮುಟ್ಟುತ್ತದೆ.]

ಆ ಪ್ಲಗ್‌ನ ಆ್ಯಪ್ ದೀಪದೊಂದಿಗೆ ನೇರ ಮಾತಾಡುತ್ತಿರಲಿಲ್ಲ. ಕಂಪನಿಯ ಸರ್ವರಿಗೆ ಹೇಳುತ್ತಿತ್ತು, ಸರ್ವರ್ ಪ್ಲಗ್‌ಗೆ ಹೇಳುತ್ತಿತ್ತು. ಎಲ್ಲ ಸಾಧನಗಳೂ ಹೀಗಲ್ಲ. ಮನೆಯ ವೈಫೈ ಒಳಗೇ ನೇರವಾಗಿ ಕೇಳಿಸಿಕೊಳ್ಳುವ ಬಲ್ಬ್‌ಗಳು ಬೇಕಾದಷ್ಟು ಉಂಟು. ನಾನೀಗ ಹಾಕಿದ್ದು ವಿಜ್ ಬಲ್ಬ್. ಅದರ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಲೋಕಲ್ ಕಮ್ಯುನಿಕೇಶನ್‌ಗೆ ಅನುಮತಿ ಇದ್ದರೆ, ಬಲ್ಬ್ ಯುಡಿಪಿ (ಸಂದೇಶ ಕಳಿಸುವ ಒಂದು ವಿಧಾನ) ಪೋರ್ಟ್ 38899ರಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಲ್ಲಿ, ಕಿವಿ ತೆರೆದು ಕೂತಿರುತ್ತದೆ.

[ತೆರೆಯ ಮೇಲೆ: ಪೈಥಾನ್ ಕೋಡ್, ಒಂದೊಂದೇ ಸಾಲು.]

ಮೊದಲು ಸಾಕೆಟ್ (ಸಂದೇಶ ಕಳಿಸಲು) ಮತ್ತು ಜೇಸನ್ (ಸಂದೇಶ ಬರೆಯಲು), ಈ ಎರಡು ಮಾಡ್ಯೂಲ್ ಕರೆದುಕೊಳ್ಳಿ. ಎರಡೂ ಪೈಥಾನ್ ಜೊತೆಗೇ ಬರುತ್ತವೆ, ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಕಳಿಸುವ ಸಂದೇಶದಲ್ಲಿ ಇರುವುದು ಎರಡೇ: ಮೆಥಡ್ ಅಂದರೆ 'ಸೆಟ್‌ಪೈಲಟ್', ಪ್ಯಾರಾಮ್ಸ್ ಒಳಗೆ 'ಸ್ಟೇಟ್'. ಸ್ಟೇಟ್ ಟ್ರೂ ಆದರೆ ದೀಪ ಹತ್ತುತ್ತದೆ, ಫಾಲ್ಸ್ ಆದರೆ ಆರುತ್ತದೆ. ಬೆಳಕು ಕಡಿಮೆ ಬೇಕಾದರೆ 'ಡಿಮ್ಮಿಂಗ್' ಅಂತ 10ರಿಂದ 100ರವರೆಗಿನ ಸಂಖ್ಯೆ ಸೇರಿಸಿ. ಇದನ್ನು ಬಲ್ಬಿಗೆ ರೌಟರ್ ಕೊಟ್ಟ ಐಪಿ ವಿಳಾಸಕ್ಕೆ ಕಳಿಸಿದರೆ ಮುಗಿಯಿತು.

ಮುಗಿಯಿತು ಅಂದೆನಲ್ಲ, ನಿಜಕ್ಕೂ ಕೆಲಸ ಇರುವುದು ಇಲ್ಲೇ. ಯುಡಿಪಿ ಅಂದರೆ ಗದ್ದೆಯ ಆಚೆ ಬದಿಯವರಿಗೆ ಕೂ ಹಾಕಿದ ಹಾಗೆ. ಕೂ ಹಾಕಿದ್ದು ನಮಗೆ ಗೊತ್ತು, ಅವರಿಗೆ ಕೇಳಿತೋ ಇಲ್ಲವೋ ಗೊತ್ತಿಲ್ಲ. ನಮ್ಮ ಬಾವಿ ರೌಟರಿನಿಂದ ದೂರ, ನಡುವೆ ದಪ್ಪದ ಕೆಂಪುಕಲ್ಲಿನ ಗೋಡೆ ಬೇರೆ. ಸಿಗ್ನಲ್ ಅಲ್ಲಿಗೆ ಮುಟ್ಟುವಾಗ ಸೋತಿರುತ್ತದೆ, ಕೆಲವು ಪ್ಯಾಕೆಟ್ (ಸಂದೇಶದ ಪೊಟ್ಟಣ) ದಾರಿಯಲ್ಲೇ ಕಳೆದುಹೋಗುತ್ತವೆ. ಪುಣ್ಯಕ್ಕೆ ಈ ಬಲ್ಬ್ ಸಂದೇಶ ಸಿಕ್ಕಿದರೆ 'ಸಕ್ಸೆಸ್' ಅಂತ ಉತ್ತರ ಕೊಡುತ್ತದೆ. ಹಾಗಾಗಿ ಒಂದು ಸೆಕೆಂಡ್ ಟೈಮ್‌ಔಟ್ ಇಟ್ಟು, ಉತ್ತರ ಬಾರದಿದ್ದರೆ ಅದೇ ಸಂದೇಶ ಮತ್ತೆ ಕಳಿಸುವ ಲೂಪ್ ಬರೆದಿದ್ದೇನೆ.

ಒಂದು ಸೂಕ್ಷ್ಮ ನೋಡಿ. ಸಂದೇಶ ಮುಟ್ಟಿ ಉತ್ತರ ಮಾತ್ರ ಕಳೆದುಹೋಗಿರಬಹುದು. ಆಗ 'ಈಗಿನ ಸ್ಥಿತಿ ತಿರುಗಿಸು' ಅಂತ ಎರಡು ಸಲ ಹೇಳಿದರೆ ಹತ್ತಿದ ದೀಪ ಮತ್ತೆ ಆರುತ್ತದೆ. 'ಆರು' ಅಂತ ಹತ್ತು ಸಲ ಹೇಳಿದರೂ ದೀಪ ಆರಿಯೇ ಇರುತ್ತದೆ. ಅದಕ್ಕೇ 'ತಿರುಗಿಸು' ಎನ್ನುವ ಟಾಗಲ್ ಬಿಟ್ಟು ಯಾವಾಗಲೂ ಟ್ರೂ ಅಥವಾ ಫಾಲ್ಸ್ ಕಳಿಸುತ್ತೇನೆ. ಈ ಒಂದು ಅಭ್ಯಾಸ ನನಗೆ ಎಷ್ಟೋ ಗೊಂದಲ ತಪ್ಪಿಸಿದೆ.

[ದೃಶ್ಯ: ರೌಟರಿನ ಸೆಟ್ಟಿಂಗ್ಸ್ ಪುಟ.]

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಆಗುತ್ತಲೇ ಇರುತ್ತದೆ. ರೌಟರ್ ಮತ್ತೆ ಶುರುವಾದಾಗ ನಿನ್ನೆ 192.168.1.45 ಆಗಿದ್ದ ಬಲ್ಬಿಗೆ ಇವತ್ತು ಬೇರೆ ವಿಳಾಸ ಸಿಗಬಹುದು. ಡಿಎಚ್‌ಸಿಪಿ ರಿಸರ್ವೇಶನ್ (ವಿಳಾಸ ಕಾಯ್ದಿರಿಸುವುದು) ಎಂಬಲ್ಲಿ ಬಲ್ಬಿನ ಮ್ಯಾಕ್ ವಿಳಾಸಕ್ಕೆ, ಅಂದರೆ ಅದರ ಬದಲಾಗದ ಗುರುತಿಗೆ, ಒಂದು ಐಪಿ ಕಟ್ಟಿಬಿಡಿ. ಲ್ಯಾಪ್‌ಟಾಪ್ ಗೆಸ್ಟ್ ವೈಫೈಯಲ್ಲಿ (ಅತಿಥಿಗಳಿಗೆಂದು ಬೇರೆ ಮಾಡಿದ ವೈಫೈ) ಇದ್ದರೆ ಸಾಮಾನ್ಯವಾಗಿ ಬಲ್ಬ್ ಕಾಣುವುದೇ ಇಲ್ಲ, ಅದನ್ನೂ ನೋಡಿಕೊಳ್ಳಿ.

ಹಾಗಂತ ಅತಿಥಿಗಳಿಗೆ ಗೆಸ್ಟ್ ವೈಫೈ ಇರಲೇಬೇಕು. ಈ ಬಲ್ಬ್ ಪಾಸ್‌ವರ್ಡ್ ಕೇಳುವುದಿಲ್ಲ, ನಿಮ್ಮ ವೈಫೈ ಒಳಗೆ ಇರುವ ಯಾರು ಹೇಳಿದರೂ ಕೇಳುತ್ತದೆ. ಮಲ್ಪೆ, ಕಾಪು ಕಡೆ ಹೋಮ್‌ಸ್ಟೇ ನಡೆಸುವವರು ಅತಿಥಿಗಳಿಗೆ ಮನೆಯ ವೈಫೈ ಕೊಡಬೇಡಿ, ಬೇರೆಯದೇ ಕೊಡಿ. ಹೊರಗಿನಿಂದ ದೀಪ ಹಾಕುವ ಆಸೆಗೆ ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಲೇಬೇಡಿ, ಅಂದರೆ ಇಂಟರ್ನೆಟ್ಟಿನಿಂದ ಬಲ್ಬಿಗೆ ನೇರ ದಾರಿ ತೆರೆಯಬೇಡಿ.

ಬೇರೆ ಬ್ರ್ಯಾಂಡ್ ಇದ್ದರೆ? ಯೀಲೈಟ್‌ನಲ್ಲಿ ಲ್ಯಾನ್ ಕಂಟ್ರೋಲ್ ಆನ್ ಮಾಡಿ ಟಿಸಿಪಿ ಎಂಬ ಇನ್ನೊಂದು ವಿಧಾನದಲ್ಲಿ ಪೋರ್ಟ್ 55443 ಬಳಸಿ. ಟಾಸ್ಮೋಟ ಎಂಬ ಮುಕ್ತ ಸಾಫ್ಟ್‌ವೇರ್ ಹಾಕಿದ ಸ್ವಿಚ್‌ಗೆ ಬ್ರೌಸರಿನಲ್ಲಿ ಒಂದು ವಿಳಾಸ ಬರೆದರೂ ಸಾಕು. ಟುಯಾ ಸಾಧನಗಳಿಗೆ ಮಾತ್ರ ಲೋಕಲ್ ಕೀ, ಅಂದರೆ ಆ ಸಾಧನದ ಗುಪ್ತ ಕೀ, ಬೇಕು, ಅದನ್ನು ಒಮ್ಮೆ ಅವರ ಕ್ಲೌಡ್‌ನಿಂದ ತರಬೇಕು. ಸಾಧನವನ್ನು ರಿಸೆಟ್ ಮಾಡಿ ಮತ್ತೆ ಜೋಡಿಸಿದರೆ ಆ ಕೀ ಬದಲಾಗುತ್ತದೆ.

ತೋಟದ ಪಂಪಿಗೆ ಈ ಕೋಡ್ ಹಚ್ಚಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಮೋಟಾರ್ ಶುರುವಾಗುವಾಗ ಎಳೆಯುವ ಕರೆಂಟ್ ಓಡುವಾಗಿನದ್ದಕ್ಕಿಂತ ಹಲವು ಪಟ್ಟು, ಸಣ್ಣ ಸ್ಮಾರ್ಟ್ ಪ್ಲಗ್ ಅದನ್ನು ತಾಳಿಕೊಳ್ಳುವುದಿಲ್ಲ. ಬಾವಿಯಲ್ಲಿ ನೀರು ಕಡಿಮೆ ಇದ್ದರೆ ಒಣ ಓಡಿ ಮೋಟಾರೂ ಸುಟ್ಟುಹೋಗುತ್ತದೆ.

[ದೃಶ್ಯ: ಚಾವಡಿ. ರೌಟರಿನಿಂದ ಫೈಬರ್ ಕೇಬಲ್ ಕೀಳುವ ಕೈ. ರೌಟರಿನಲ್ಲಿ ಕೆಂಪು ದೀಪ.]

ಈಗ ಇಂಟರ್ನೆಟ್ ಇಲ್ಲ. ಕೋಡ್ ಓಡಿಸುತ್ತೇನೆ.

[ದೃಶ್ಯ: ಬಾವಿಕಟ್ಟೆಯ ದೀಪ ಆರುತ್ತದೆ. ಒಳಗಿನಿಂದ ಅಮ್ಮನ ದನಿ: "ಹೋ, ಆಯ್ತಾ? ಇನ್ನೊಮ್ಮೆ ಹಾಕು, ನೋಡುವ."]