ಮೃಗಶಿರಾ ಮಳೆಗೆ ಮೊದಲು ಕಾರಿನಡಿಗೆ ಒಮ್ಮೆ ಬಗ್ಗಿ

ಕೇಳುಗರಿಗೆ ನಮಸ್ಕಾರ.

ಮೃಗಶಿರಾ ಮಳೆ ಹಿಡಿಯುವುದಕ್ಕೆ ಮೊದಲು ಮಲೆನಾಡಿನವರಿಗೆ ಪುರುಸೊತ್ತೇ ಇರುವುದಿಲ್ಲ. ಹೆಂಚು ಕೈಯಾಡಿಸಬೇಕು, ಕಟ್ಟಿಗೆ ಒಳಗೆ ಹಾಕಬೇಕು, ಅಡಿಕೆ ಔಷಧಿಗೆ ಮೈಲುತುತ್ತ ತಂದಿಡಬೇಕು. ಇಷ್ಟರ ನಡುವೆ ಅಂಗಳದಲ್ಲಿ ನಿಂತ ಹಳೇ ಕಾರಿನ ಅಡಿಭಾಗವನ್ನು ಯಾರೂ ಬಗ್ಗಿ ನೋಡುವುದಿಲ್ಲ. ಇವತ್ತು ಅಲ್ಲಿರುವ ಬ್ರೇಕ್ ಪೈಪಿನ ಬಗ್ಗೆ ಮಾತಾಡೋಣ. ಕೈಕೆಲಸ ಬಲ್ಲವರು ಅದನ್ನು ಮನೆಯಲ್ಲೇ ಬದಲಿಸಬಹುದು. ಆದರೆ ಎಲ್ಲವನ್ನೂ ಮನೆಯಲ್ಲೇ ಮಾಡಬಾರದು. ಆ ಗೆರೆ ಎಲ್ಲಿದೆ ಎಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು.

ಬಹುತೇಕ ಹಳೇ ಕಾರುಗಳಲ್ಲಿ, ಪೆಡಲು ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಚಕ್ರಗಳ ಕಡೆಗೆ ಹೋಗುವುದು 4.75 ಮಿಲಿಮೀಟರ್ ದಪ್ಪದ ಉಕ್ಕಿನ ಪೈಪು. ಪೆನ್ಸಿಲ್‌ಗಿಂತ ಸಣ್ಣದು. ಟೈರಿಗೆ ನಾವು ಮೂವತ್ತು ಪೌಂಡ್ ಗಾಳಿ ಹೊಡೆಸುತ್ತೇವಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಈ ಪೈಪಿನೊಳಗಿನ ಒತ್ತಡ ಸಾವಿರ ಪೌಂಡ್ ದಾಟುತ್ತದೆ. ಪೈಪಿನ ಗೋಡೆಯ ದಪ್ಪವೋ, ಒಂದು ಮಿಲಿಮೀಟರೂ ಇಲ್ಲ. ಅದರಲ್ಲಿ ಅರ್ಧವನ್ನು ತುಕ್ಕು ತಿಂದರೆ ಉಳಿಯುವುದೆಷ್ಟು, ನೀವೇ ಲೆಕ್ಕ ಹಾಕಿ.

ತುಕ್ಕು ಹಿಡಿಯುವುದು ಕಣ್ಣಿಗೆ ಕಾಣುವ ಜಾಗದಲ್ಲಲ್ಲ. ಪೈಪನ್ನು ಗಾಡಿಯ ಮೈಗೆ ಹಿಡಿದಿಡುವ ಕ್ಲಿಪ್ಪುಗಳ ಒಳಗೆ ಕೆಮ್ಮಣ್ಣು, ಕೊಳೆತ ಎಲೆ ಸೇರಿ ಆಷಾಢ ಶ್ರಾವಣವೆಲ್ಲ ಒದ್ದೆಯಾಗೇ ಕೂತಿರುತ್ತದೆ. ಆಗುಂಬೆ, ಹುಲಿಕಲ್ ಘಾಟಿಗಳ ಕಡೆ ಓಡಾಡುವವರಿಗೆ ಇನ್ನೊಂದು ಕಾಟ: ಕರಾವಳಿಯಿಂದ ಬರುವ ಮೀನಿನ ಲಾರಿಗಳಿಂದ ಸುರಿಯುವ ಉಪ್ಪು ನೀರು. ಒಂದು ಕ್ಲಿಪ್ಪು ಬಿಚ್ಚಿ, ತಂತಿ ಬ್ರಷ್ಷಿನಿಂದ ಉಜ್ಜಿ. ಬರೀ ಕೆಂಪು ಪುಡಿ ಉದುರಿ ಕೆಳಗೆ ನುಣುಪು ಲೋಹ ಕಂಡರೆ ಸದ್ಯಕ್ಕೆ ಹೆದರಬೇಕಿಲ್ಲ. ಚಕ್ಕೆ ಎದ್ದರೆ, ಉಗುರಿಗೆ ಗುಳಿ ಸಿಕ್ಕರೆ, ಆ ಪೈಪಿನ ಆಯುಸ್ಸು ಮುಗಿಯಿತು. ಈಚಿನ ಕಾರುಗಳಲ್ಲಿ ಬ್ರೇಕು ಎರಡು ದಾರಿಯಾಗಿ ಹಂಚಿರುತ್ತದೆ, ಒಂದು ಒಡೆದರೂ ಇನ್ನೊಂದು ಹಿಡಿಯುತ್ತದೆ ನಿಜ. ಆದರೆ ಪೆಡಲು ತಳಕ್ಕಿಳಿದು, ಗಾಡಿ ನಿಲ್ಲಲು ಬಹಳ ದೂರ ಬೇಕಾಗುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಆ ದೂರ ಯಾರಿಗೂ ಸಿಗುವುದಿಲ್ಲ.

ಹಾಳಾದಷ್ಟೇ ತುಂಡನ್ನು ಕತ್ತರಿಸಿ ನಡುವೆ ಜಾಯಿಂಟು ಹಾಕಿಕೊಡುವವರಿದ್ದಾರೆ. ಫ್ರಿಜ್ಜಿನ ತಾಮ್ರದ ಪೈಪು ಜೋಡಿಸುವವರೂ ಇದ್ದಾರೆ. ಎರಡೂ ಬೇಡ. ಬರೀ ತಾಮ್ರ ಅದುರಿ ಅದುರಿ ಗಡುಸಾಗಿ ಬಿರುಕು ಬಿಡುತ್ತದೆ. ಇಡೀ ಉದ್ದಕ್ಕೆ ಹೊಸ ಪೈಪನ್ನೇ ಹಾಕಿ. ನಿಮ್ಮ ಗಾಡಿಗೆ ಕಂಪನಿಯ ಸಿದ್ಧ ಪೈಪು ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ತನ್ನಿ. ಸಿಗದಿದ್ದರೆ ಬ್ರೇಕಿಗೆಂದೇ ಮಾಡಿದ ಉಕ್ಕಿನ ಪೈಪು, ಇಲ್ಲವೇ ತಾಮ್ರಕ್ಕೆ ಶೇಕಡಾ 10ರಷ್ಟು ನಿಕಲ್ ಬೆರೆಸಿದ ಪೈಪು. ಈ ನಿಕಲ್ ಪೈಪು ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಗ್ಗುತ್ತದೆ. ವೋಲ್ವೊ ಕಂಪನಿ 1970ರ ದಶಕದಲ್ಲೇ ಇದನ್ನು ಬಳಸತೊಡಗಿತ್ತು. ರೇಟು ಜಾಸ್ತಿ, ನಮ್ಮ ಮಳೆಗೆ ಆ ದುಡ್ಡು ದಂಡವಲ್ಲ.

ಕೆಲಸಕ್ಕಿಳಿಯುವ ಮೊದಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಸ್ಟ್ಯಾಂಡ್ ಕೊಡಿ. ಜಂಬಿಟ್ಟಿಗೆ ಕಲ್ಲು ಪೇರಿಸಿ ಅಡಿಗೆ ನುಗ್ಗುವವರನ್ನು ನೋಡಿದ್ದೇನೆ. ಆ ಕಲ್ಲು ಒಡೆಯುವ ಮೊದಲು ಹೇಳಿಕೇಳಿ ಒಡೆಯುವುದಿಲ್ಲ. ನಟ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಸಾಮಾನ್ಯ ಸ್ಪ್ಯಾನರು ಹಾಕಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ, ಪೈಪು ನುಗ್ಗುವಷ್ಟು ಬಾಯಿ ಬಿಟ್ಟ ರಿಂಗ್ ಸ್ಪ್ಯಾನರೇ ಬೇಕು. ಅದಕ್ಕೂ ಜಗ್ಗದಿದ್ದರೆ ಪೈಪನ್ನು ನಟ್ಟಿನ ಬುಡದಲ್ಲೇ ಕತ್ತರಿಸಿ ಬಾಕ್ಸ್ ಸ್ಪ್ಯಾನರು ಹಾಕಿ. ಹೇಗೂ ಎಸೆಯುವ ಪೈಪು ತಾನೇ. ರಬ್ಬರ್ ಹೋಸು ಸೇರುವಲ್ಲಿ ಮಾತ್ರ ಇನ್ನೊಂದು ಸ್ಪ್ಯಾನರಿನಿಂದ ಹೋಸನ್ನು ಹಿಡಿದುಕೊಳ್ಳಿ, ಇಲ್ಲವಾದರೆ ಅದು ಮುರುಟುತ್ತದೆ.

ಹಳೇ ಪೈಪನ್ನು ಆದಷ್ಟು ಆಕಾರ ಕೆಡದಂತೆ ಇಳಿಸಿ, ಪಕ್ಕದಲ್ಲಿಟ್ಟು ಹೊಸದನ್ನು ಅದರಂತೆಯೇ ಬಗ್ಗಿಸಿ. ತಿರುವಿನಲ್ಲಿ ಪೈಪು ಚಪ್ಪಟೆಯಾದರೆ ಆ ತುಂಡು ಕೆಲಸಕ್ಕೆ ಬಾರದು. ಸೈಲೆನ್ಸರಿನಿಂದ ದೂರ ಇರಲಿ, ಒಂದು ಕ್ಲಿಪ್ಪನ್ನೂ ಬಿಡಬೇಡಿ.

ಈಗ ಆ ಗೆರೆಯ ಮಾತು. ಪೈಪಿನ ಎರಡೂ ತುದಿಯನ್ನು ಅರಳಿಸಬೇಕು, ಅದಕ್ಕೆ ಫ್ಲೇರ್ ಅನ್ನುತ್ತಾರೆ. ಬ್ರೇಕಿಗೆ ಒಂದೇ ಮಡಿಕೆ ಸಾಲದು. ಮೊದಲು ತುದಿಯನ್ನು ಗುಳ್ಳೆಯಂತೆ ಉಬ್ಬಿಸಿ, ಮತ್ತೆ ಒಳಕ್ಕೆ ಮಡಚಿ 45 ಡಿಗ್ರಿಗೆ ಕೂರಿಸುತ್ತಾರೆ. ಕೆಲವು ಗಾಡಿಗಳಲ್ಲಿ ಗುಳ್ಳೆಯ ಆಕಾರಕ್ಕೇ ನಿಲ್ಲಿಸುತ್ತಾರೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೂತಂತೆ ಕಂಡರೂ ಸೋರುತ್ತದೆ. ಗರಗಸ ಬೇಡ, ಪೈಪ್ ಕಟ್ಟರಿನಲ್ಲಿ ನೇರಕ್ಕೆ ಕತ್ತರಿಸಿ ಒಳಗಿನ ಚೂರು ತೆಗೆಯಬೇಕು. ಅರಳಿಸುವ ಮೊದಲು ನಟ್ಟನ್ನು ಪೈಪಿಗೆ ಏರಿಸಿರಬೇಕು, ಆಮೇಲೆ ಏರುವುದಿಲ್ಲ. ತುದಿಯನ್ನು ಬೆಳಕಿಗೆ ಹಿಡಿದು ನೋಡಿ: ಒಂದು ಕೂದಲೆಳೆಯ ಸೀಳು ಇದ್ದರೂ, ಬಟ್ಟಲು ಒಂದು ಪಕ್ಕಕ್ಕೆ ವಾಲಿದ್ದರೂ ಕತ್ತರಿಸಿ ಎಸೆಯಬೇಕು. ತ್ಯಾಜ್ಯ ತುಂಡುಗಳ ಮೇಲೆ ಕೈ ಪಳಗಿಸಿಕೊಳ್ಳದವರು ಈ ಒಂದು ಕೆಲಸವನ್ನು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲೋ, ತೀರ್ಥಹಳ್ಳಿಯಲ್ಲೋ ಬಲ್ಲವರಿಂದ ಮಾಡಿಸಿ ತನ್ನಿ. ಬಿಚ್ಚುವುದು, ಬಗ್ಗಿಸುವುದು, ಕೂರಿಸುವುದು ನಿಮ್ಮದಿರಲಿ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಗಾಡಿಯಾದರೆ ಏರ್ ತೆಗೆಯಲು, ಅಂದರೆ ಪೈಪಿನೊಳಗೆ ಸೇರಿದ ಗಾಳಿ ಹೊರಹಾಕಲು, ಕೆಲವೊಮ್ಮೆ ಸ್ಕ್ಯಾನರ್ ಬೇಕಾಗುತ್ತದೆ. ಅಂಥದ್ದನ್ನು ಮನೆಯಲ್ಲಿ ಬಿಚ್ಚದಿರುವುದೇ ಕ್ಷೇಮ.

ಏರ್ ತೆಗೆಯಲು ಇಬ್ಬರು ಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು, ಆದರೂ ಗಾಡಿಯ ಪುಸ್ತಕ ಹೇಳಿದ ಕ್ರಮವೇ ಸರಿ. ಚಕ್ರದ ಬ್ರೇಕಿನಲ್ಲಿ ಗಾಳಿ ಬಿಡಲೆಂದೇ ಇರುವ ನಿಪ್ಪಲಿಗೆ ಪಾರದರ್ಶಕ ಟ್ಯೂಬು ಹಾಕಿ, ತುದಿಯನ್ನು ಬಾಟಲಿಯ ಬ್ರೇಕ್ ಆಯಿಲಿನಲ್ಲಿ ಮುಳುಗಿಸಿಡಿ. ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಕೆಳಗಿದ್ದವರು ನಿಪ್ಪಲು ಬಿಚ್ಚಿ ಗುಳ್ಳೆ ಬಿಟ್ಟು ಮತ್ತೆ ಬಿಗಿ ಮಾಡಬೇಕು. "ನಾ ಹೇಳೋ ತನಕ ಕಾಲು ತೆಗೀಬೇಡ ಮಾರಾಯ" ಅಂತ ಮೊದಲೇ ಹೇಳಿಡಿ. ನಿಪ್ಪಲು ಬಿಚ್ಚಿದಾಗ ಕಾಲು ತೆಗೆದರೆ ಹೊರಗಿನ ಗಾಳಿಯೆಲ್ಲ ಒಳಗೆ. ಮಾಸ್ಟರ್ ಸಿಲಿಂಡರಿನ ಮೇಲಿನ ಆಯಿಲ್ ಡಬ್ಬಿ ಬರಿದಾಗಲು ಬಿಡಬೇಡಿ.

ಆಯಿಲು ಹೊಸ ಬಾಟಲಿಯದ್ದೇ ಆಗಲಿ, ಅಟ್ಟದ ಮೇಲೆ ಅರ್ಧ ಉಳಿದದ್ದು ಬೇಡ. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳಬೇಡಿ. ಮಾನದಂಡದ ಪ್ರಕಾರ ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲು ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು; ತೇವ ಸೇರಿದ್ದಕ್ಕೆ 140 ಸಾಕು. ಘಾಟಿ ಇಳಿಯುವಾಗ ಕಾದ ಬ್ರೇಕಿನಲ್ಲಿ ಅದು ಕುದ್ದರೆ ಪೆಡಲು ಹತ್ತಿಯಂತೆ ಮೆತ್ತಗಾಗುತ್ತದೆ. ಪೇಂಟಿನ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ.

ಎಲ್ಲ ಮುಗಿದ ಮೇಲೆ ಇಂಜಿನ್ ಚಾಲೂ ಮಾಡಿ ಪೆಡಲನ್ನು ಜೋರಾಗಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಚಾಲೂ ಆದಾಗ ಒಂದಿಷ್ಟು ಇಳಿಯುವುದು ಸಹಜ. ಆಮೇಲೂ ಇಳಿಯುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ. ಕೈಬ್ರೇಕು ಬೇರೆ ಕೇಬಲಿನದು, ಮೊದಲೇ ಸರಿ ನೋಡಿಟ್ಟುಕೊಂಡು ಅಂಗಳದಲ್ಲೇ ನಿಧಾನ ಓಡಿಸಿ. ಪ್ರತಿ ನಟ್ಟಿಗೂ ಒಣ ಕಾಗದ ಒರೆಸಿ ನೋಡಿ. ವಾರ ಬಿಟ್ಟು ಅದನ್ನೇ ಇನ್ನೊಮ್ಮೆ ಮಾಡಿ, ಘಾಟಿಯ ಮಾತು ಆಮೇಲೆ. ಹಳೇ ಆಯಿಲನ್ನು ತೋಟಕ್ಕೋ ಹಳ್ಳಕ್ಕೋ ಚೆಲ್ಲದೆ ಬಾಟಲಿಗೆ ತುಂಬಿ, ಇಂಜಿನ್ ಆಯಿಲಿನ ಜೊತೆ ಬೆರೆಸದೆ, ಹಳೇ ಆಯಿಲು ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ನಮಸ್ಕಾರ.