ಅಮ್ಮನ ಕಿರೀಟಕ್ಕೆ ಕೈ ಹಾಕಿದ ಕೂಸು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಒಂದು ಕಲ್ಲಿನ ಬಗ್ಗೆ ಮಾತಾಡ್ತೀನಿ, ಬರ್ಲಿನ್‌ನ ನೊಯೆಸ್ ಮ್ಯೂಸಿಯಂನಲ್ಲಿರೋ ಈಜಿಪ್ಟಿನ ಸುಣ್ಣದಕಲ್ಲಿನ ಕೆತ್ತನೆ. ದೊಡ್ಡದೇನಲ್ಲ, ಎತ್ತರ ಸುಮಾರು 33 ಸೆಂಟಿಮೀಟರ್, ಅಗಲ 39. ವಯಸ್ಸು ಮಾತ್ರ 3300 ವರ್ಷಕ್ಕೂ ಜಾಸ್ತಿ.

ರೇಡಿಯೋದಲ್ಲಿ ತೋರ್ಸಕ್ಕಾಗಲ್ಲ, ಹೇಳ್ತಾ ಹೋಗ್ತೀನಿ, ನೀವು ಕಣ್ಮುಂದೆ ತಂದ್ಕೊಳ್ಳಿ. ಎಡಗಡೆ ರಾಜ ಅಖನಾಟನ್ ಕೂತಿದಾನೆ, ಎದುರಿಗೆ ರಾಣಿ ನೆಫರ್ಟಿಟಿ. ರಾಜ ದೊಡ್ಡ ಮಗಳು ಮೆರಿಟಾಟನ್‌ನ ಎತ್ಕೊಂಡು ಮುತ್ತು ಕೊಡ್ತಿದಾನೆ, ಅವಳ ಕೈ ಮಾತ್ರ ಅಮ್ಮನ ಕಡೆ ಚಾಚಿದೆ. ಎರಡನೇ ಮಗಳು ಅಮ್ಮನ ತೊಡೆ ಮೇಲೆ ಕೂತು ಅಪ್ಪನ ಕಡೆ ಕೈ ತೋರಿಸ್ತಾ ಅಮ್ಮನ ಮುಖ ನೋಡ್ತಿದಾಳೆ. ಮೂರನೇ ಪುಟಾಣಿ ಅಂಖೆಸೆನ್‌ಪಾಟನ್ ಇದಾಳಲ್ಲ, ಅವಳು ಅಮ್ಮನ ಭುಜಕ್ಕೆ ಒರಗ್ಕೊಂಡು ಕಿರೀಟದಿಂದ ಜೋತಾಡೋ ಹಾವಿನ ಒಡವೆಗೆ ಕೈ ಹಾಕಿದಾಳೆ! ಶತ್ರುವಿನ ಕೂದಲು ಹಿಡ್ಕೊಂಡು ಗದೆ ಎತ್ತಿ ನಿಂತ ರಾಜರನ್ನ ಸಾವಿರ ವರ್ಷಕ್ಕೂ ಮೀರಿ ಕೆತ್ಕೊಂಡು ಬಂದ ದೇಶದಲ್ಲಿ ಇಂಥದ್ದು ಎಷ್ಟು ಹೊಸದು ಯೋಚನೆ ಮಾಡಿ.

ಆದ್ರೆ ಫ್ಯಾಮಿಲಿ ಫೋಟೋ ಅಂತ ನೋಡಿ ಮುಂದೆ ಹೋದ್ರೆ ಅರ್ಧ ವಿಷಯ ತಪ್ಪಿಹೋಗುತ್ತೆ. ಮೇಲ್ಗಡೆ ನಡುವೆ ಸೂರ್ಯನ ಬಿಂಬ ಇದೆ, ಅದೇ ಆಟನ್ ದೇವರು, ಕಿರಣಗಳ ತುದೀಲೆಲ್ಲ ಪುಟ್ಟ ಪುಟ್ಟ ಕೈಗಳು, ಅದ್ರಲ್ಲಿ ಕೆಲವು ಕೈ ಅಂಖ್ ಅನ್ನೋ ಜೀವದ ಚಿಹ್ನೆಯನ್ನ ರಾಜ ರಾಣಿ ಮೂಗಿನ ಹತ್ರ ಹಿಡಿದಿವೆ, ಮಕ್ಕಳಿಗಿಲ್ಲ. ಅಂದ್ರೆ ದೇವರು ಜೀವ ಕೊಡೋದು ಮೊದ್ಲು ಇವರಿಬ್ಬರಿಗೆ, ಮಿಕ್ಕವರಿಗೆ ಇವರ ಮೂಲಕ. ಅಖನಾಟನ್ ಹಳೇ ದೇವರುಗಳನ್ನ ಬದಿಗಿಟ್ಟು ಕಟ್ಟಿಸಿದ ಹೊಸ ರಾಜಧಾನಿ ಈಗಿನ ಅಮರ್ನಾ. ಅಲ್ಲಿ ಇಂಥ ಕಲ್ಲುಗಳನ್ನ ಮನೆಯೊಳಗಿಟ್ಟು ಪೂಜೆ ಮಾಡ್ತಿದ್ರು ಅಂತಾರೆ ವಿದ್ವಾಂಸರು. ಹಾಗಾಗಿ ಈ ಮುತ್ತು, ಈ ಆಟ, ಎಲ್ಲಾ ರಾಜನ ಪ್ರಚಾರಕ್ಕೂ ಸೇರಿದ್ದು. ಆದ್ರೂ ಕೆತ್ತಿದವನು ಮಕ್ಕಳನ್ನ ಹತ್ರದಿಂದ ಬಲ್ಲವನು, ಅದ್ರಲ್ಲಿ ನಂಗೆ ಅನುಮಾನವೇ ಇಲ್ಲ.

ಕೆತ್ತನೆ ರೀತಿನೂ ಚೆಂದ. ಸುತ್ತಲಿನ ಕಲ್ಲು ಹಾಗೇ ಬಿಟ್ಟು, ಅಂಚನ್ನ ಒಳಕ್ಕೆ ಕೊರೆದು, ಮೈಯನ್ನ ಆ ತಗ್ಗಲ್ಲೇ ಉಬ್ಬಿಸಿದಾರೆ. ಬಿರುಬಿಸಿಲಲ್ಲಿ ಅಂಚಿಗೆ ನೆರಳು ಬಿದ್ದು ಆಕಾರ ಎದ್ದು ಕಾಣುತ್ತೆ.

ಅಖನಾಟನ್ ಹೋದ್ಮೇಲೆ ಜನ ಆ ಊರು ಬಿಟ್ರು, ಹಳೇ ದೇವರುಗಳು ವಾಪಸ್ ಬಂದ್ರು. ಮೂರನೇ ಮಗಳು ಮುಂದೆ ರಾಜ ತುತಾಂಖಾಮುನ್ ಹೆಂಡತಿಯಾಗಿ, ಹೆಸರಿಂದ ಆಟನ್ ತೆಗೆದು, ಹಳೇ ದೇವರು ಅಮುನ್ ಹೆಸರು ಸೇರಿಸ್ಕೊಂಡು ಅಂಖೆಸೆನಾಮುನ್ ಆದ್ಲು. ಗಂಡನ ಚಿನ್ನದ ಸಿಂಹಾಸನದ ಒರಗಿನ ಮೇಲೆ ಇವಳ ಚಿತ್ರ ಇದೆ, ಅಲ್ಲೂ ತಲೆ ಮೇಲೆ ಅಪ್ಪನ ಅದೇ ಸೂರ್ಯ!

ಬರ್ಲಿನ್‌ಗೆ ಹೋದವರು ನೆಫರ್ಟಿಟಿಯ ಪ್ರಸಿದ್ಧ ತಲೆಶಿಲ್ಪ ಹೇಗೂ ನೋಡೇ ನೋಡ್ತೀರಿ, ಅದೇ ಮ್ಯೂಸಿಯಂನಲ್ಲಿರೋ ಇದನ್ನ ದಯವಿಟ್ಟು ಬಿಡ್ಬೇಡಿ, ಸ್ವಲ್ಪ ಹೊತ್ತು ನಿಂತು ನೋಡಿ. ನಮಸ್ಕಾರ.